ಒಡೆದ ಪ್ಲಾಸ್ಟಿಕ್ ಸಾಮಾನಿಗೆ ಯಾವ ಅಂಟು?



ನಮ್ಮ ಹಿರಿಯರ ಕಾಲದಲ್ಲಿ ಮನೆಯ ಸಾಮಾನು ಮುರಿದರೆ ಅದನ್ನು ಸರಿಪಡಿಸುವ ದಾರಿ ಊರಿನಲ್ಲೇ ಇತ್ತು. ತಾಮ್ರದ ಬಿಂದಿಗೆ ತೂತಾದರೆ ಬೆಸುಗೆ ಹಾಕಿಸುತ್ತಿದ್ದರು. ಮಣ್ಣಿನ ಗಡಿಗೆ ಸೀಳು ಬಿಟ್ಟರೆ ಹಲಸಿನ ಅಂಟಿನಿಂದ ಮುಚ್ಚುತ್ತಿದ್ದರು. ಕುಡುಗೋಲಿನ ಹಿಡಿ ಸಡಿಲವಾದರೆ ಅರಗನ್ನು ಕರಗಿಸಿ ತುಂಬುತ್ತಿದ್ದರು. ಮರದ ಕೆಲಸಕ್ಕೆ ಬಡಗಿಯ ಬಳಿ ಮರವಜ್ರವಿತ್ತು. ಲೋಹಕ್ಕೆ ಒಂದು, ಮಣ್ಣಿಗೆ ಒಂದು, ಮರಕ್ಕೆ ಇನ್ನೊಂದು. ಒಂದರ ಅಂಟನ್ನು ಮತ್ತೊಂದಕ್ಕೆ ಯಾರೂ ಹಚ್ಚುತ್ತಿರಲಿಲ್ಲ.

ಈಗ ಪುರವರ ಹೋಬಳಿಯ ಯಾವ ಮನೆಗೆ ಹೋದರೂ ಬಿಂದಿಗೆ, ಬಕೆಟ್ಟು, ಕುರ್ಚಿ, ಡಬ್ಬ, ಪೈಪು, ಟಾರ್ಪಾಲು ಎಲ್ಲವೂ ಪ್ಲಾಸ್ಟಿಕ್ಕಿನವೇ. ಒಡೆದಾಗ ಅಂಗಡಿಯಿಂದ ಒಂದು ಅಂಟಿನ ಟ್ಯೂಬು ತಂದು ಹಚ್ಚುತ್ತೇವೆ. ಎರಡು ದಿನದಲ್ಲಿ ಅದು ಹಪ್ಪಳದಂತೆ ಎದ್ದು ಬರುತ್ತದೆ. ಅಂಟು ಕಳಪೆಯೆಂದು ಅಂಗಡಿಯವನನ್ನು ಬೈಯುತ್ತೇವೆ. ಬಹಳ ಸಂದರ್ಭಗಳಲ್ಲಿ ತಪ್ಪು ಅಂಟಿನದಲ್ಲ, ಆಯ್ಕೆಯದು. ಪ್ಲಾಸ್ಟಿಕ್ ಎಂಬುದು ಒಂದೇ ಪದಾರ್ಥದ ಹೆಸರಲ್ಲ. ಧಾನ್ಯವೆಂದರೆ ರಾಗಿ, ಜೋಳ, ಸಜ್ಜೆ, ನವಣೆಗಳೆಲ್ಲ ಸೇರುವಂತೆ, ಪ್ಲಾಸ್ಟಿಕ್ಕಿನಲ್ಲಿಯೂ ಹಲವು ಜಾತಿಗಳುಂಟು. ಆದ್ದರಿಂದ ಮೊದಲು ಜಾತಿಯನ್ನು ಗುರುತಿಸಬೇಕು, ಆಮೇಲೆ ಅಂಟನ್ನು ಕೊಳ್ಳಬೇಕು. ಕೆಲವಕ್ಕೆ ಅಂಟೇ ಕೂಡದೆಂಬುದನ್ನೂ ತಿಳಿದಿರಬೇಕು.

ಗುರುತಿಸುವುದು ಹೇಗೆ?

ಇದಕ್ಕೆ ಮೂರು ಸುಲಭ ವಿಧಾನಗಳಿವೆ.

ಮೊದಲನೆಯದು, ಗುರುತು ನೋಡುವುದು. ಸಾಮಾನನ್ನು ಬೋರಲು ಹಾಕಿದರೆ ತಳದಲ್ಲಿ ಮೂರು ಬಾಣಗಳ ತ್ರಿಕೋನವೂ ಅದರೊಳಗೆ ಒಂದು ಅಂಕಿಯೂ ಇರುವುದುಂಟು. 1988ರಲ್ಲಿ ಅಮೆರಿಕದ ಪ್ಲಾಸ್ಟಿಕ್ ತಯಾರಕರು ಆರಂಭಿಸಿದ ಈ ಪದ್ಧತಿ ಈಗ ನಮ್ಮಲ್ಲಿಯೂ ಬಳಕೆಯಲ್ಲಿದೆ. 1 ಎಂದರೆ ನೀರು, ತಂಪು ಪಾನೀಯಗಳ ಬಾಟಲಿಯ ಪೆಟ್. 2 ಎಂದರೆ ಗಟ್ಟಿ ಪಾಲಿಥೀನ್, ಅಂದರೆ ಎಚ್.ಡಿ.ಪಿ.ಇ. 3 ಎಂದರೆ ಪಿ.ವಿ.ಸಿ. 4 ಎಂದರೆ ಮೆದು ಪಾಲಿಥೀನ್. 5 ಎಂದರೆ ಪಾಲಿಪ್ರೊಪಿಲೀನ್. 6 ಎಂದರೆ ಪಾಲಿಸ್ಟೈರೀನ್. ಮಿಕ್ಕವೆಲ್ಲ 7.

ಎರಡನೆಯದು, ನೀರಿನ ಪರೀಕ್ಷೆ. ಗುರುತು ಇಲ್ಲದಿದ್ದರೆ ಒಡೆದ ಜಾಗದಿಂದ ಉಗುರಿನಷ್ಟು ಚೂರನ್ನು ಕತ್ತರಿಸಿ, ಒಂದು ಲೋಟ ನೀರಿಗೆ ಒಂದು ತೊಟ್ಟು ಸೋಪಿನ ನೀರು ಬೆರೆಸಿ ಅದರೊಳಗೆ ಹಾಕಿ. ಗಾಳಿಯ ಗುಳ್ಳೆ ಹೋಗುವಂತೆ ಕಡ್ಡಿಯಿಂದ ಒಮ್ಮೆ ಮುಳುಗಿಸಿ ಬಿಡಿ. ಪಾಲಿಥೀನ್ ಮತ್ತು ಪಾಲಿಪ್ರೊಪಿಲೀನ್ ನೀರಿಗಿಂತ ಹಗುರವಾದ್ದರಿಂದ ಮೇಲಕ್ಕೆ ಬಂದು ತೇಲುತ್ತವೆ. ಪಿ.ವಿ.ಸಿ., ಪೆಟ್, ಪಾಲಿಸ್ಟೈರೀನ್ ಮತ್ತು ರೇಡಿಯೋ, ಟಿ.ವಿ.ಗಳ ಹೊರಕವಚಕ್ಕೆ ಬಳಸುವ ಎ.ಬಿ.ಎಸ್. ಮುಳುಗುತ್ತವೆ. ಒಂದು ಎಚ್ಚರಿಕೆ: ಪ್ಲಾಸ್ಟಿಕ್ ಕುರ್ಚಿಗಳನ್ನು ಮಾಡುವಾಗ ಪಾಲಿಪ್ರೊಪಿಲೀನಿಗೆ ಸುಣ್ಣಕಲ್ಲಿನ ಪುಡಿ ಬೆರೆಸುವುದುಂಟು. ಪುಡಿ ಹೆಚ್ಚಾದಾಗ ಅದರ ಚೂರು ಮುಳುಗಬಹುದು. ಮುಳುಗಿದರೂ ಕುರ್ಚಿಯನ್ನು ತೇಲುವ ಜಾತಿಯಲ್ಲೇ ಎಣಿಸಿ.

ಮೂರನೆಯದು, ಮುಟ್ಟಿ ನೋಡುವುದು. ತೇಲುವ ಜಾತಿಯ ಮೈ ಮೇಣ ಸವರಿದಂತೆ ಜಾರುತ್ತದೆ. ಪಾಲಿಸ್ಟೈರೀನ್ ಬಡಿದರೆ ಠಣ್ಣನೆ ಸದ್ದು ಮಾಡುತ್ತದೆ, ಬಗ್ಗಿಸಿದರೆ ಗಾಜಿನಂತೆ ಮುರಿಯುತ್ತದೆ.

ಕೆಲವರು ಸುಟ್ಟು, ವಾಸನೆ ನೋಡಿ ಗುರುತಿಸುವುದುಂಟು. ಇದನ್ನು ಮಾಡಬಾರದು. ಪಿ.ವಿ.ಸಿ. ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಎಂಬ ಆಮ್ಲದ ಅನಿಲ ಹೊರಟು ಕಣ್ಣು, ಗಂಟಲು, ಶ್ವಾಸಕೋಶಗಳನ್ನು ಸುಡುತ್ತದೆ.

ತೇಲುವ ಜಾತಿಗೆ ಅಂಟು ಏಕೆ ಹಿಡಿಯುವುದಿಲ್ಲ?

ಕೆಸುವಿನ ಎಲೆಯ ಮೇಲೆ ನೀರು ಹರಡದೆ ಮಣಿಯಾಗಿ ಉರುಳಿ ಹೋಗುವುದನ್ನು ಎಲ್ಲರೂ ನೋಡಿದ್ದೀರಿ. ಪಾಲಿಥೀನ್, ಪಾಲಿಪ್ರೊಪಿಲೀನ್‌ಗಳ ಮೇಲೆ ಅಂಟಿನ ಪಾಡೂ ಹಾಗೆಯೇ. ಯಾವ ಅಂಟಾದರೂ ಹಿಡಿಯಬೇಕಾದರೆ ಮೊದಲು ಮೈಯನ್ನು ಚೆನ್ನಾಗಿ ತೋಯಿಸಿ ಹರಡಿಕೊಳ್ಳಬೇಕು. ಈ ಜಾತಿಯ ಮೈ ತೋಯಗೊಡುವುದಿಲ್ಲ. ಹರಡದ ಅಂಟು ಒಣಗಿದ ಮೇಲೆ ಸಿಪ್ಪೆಯಾಗಿ ಏಳುತ್ತದೆ. ಕೊಳವೆ ಬಾವಿ ಇರುವ ರೈತರಿಗೆ ಇದಕ್ಕೆ ಕಣ್ಣೆದುರಿನ ಸಾಕ್ಷಿಯಿದೆ. ಬೂದು ಬಣ್ಣದ ಪಿ.ವಿ.ಸಿ. ಪೈಪನ್ನು ಪೈಪಿನ ಅಂಟಿನಿಂದ ಕೂಡಿಸುತ್ತಾರೆ. ಕಪ್ಪು ಎಚ್.ಡಿ.ಪಿ.ಇ. ಪೈಪನ್ನು ಕಾಯಿಸಿ ಬೆಸೆಯುತ್ತಾರೆ, ಇಲ್ಲವೇ ಬಿಗಿಯುವ ಜೋಡಣೆ ಹಾಕುತ್ತಾರೆ. ಕೃಷಿ ಹೊಂಡದ ತಳಕ್ಕೆ ಹಾಸುವ ಪಾಲಿಥೀನ್ ಹಾಳೆಯ ಅಂಚುಗಳನ್ನು ಕೂಡಿಸುವುದೂ ಬಿಸಿಯಿಂದಲೇ.

ಮನೆಯ ಬಿಂದಿಗೆ, ಬಕೆಟ್ಟು, ಕಾಳು ತುಂಬುವ ಡ್ರಮ್ಮು, ಕುರ್ಚಿ, ಟಾರ್ಪಾಲು ಬಹುಮಟ್ಟಿಗೆ ಈ ಜಾತಿಯವು. ಇವಕ್ಕೆ ಅಂಗಡಿಯ ಸಾಮಾನ್ಯ ಅಂಟನ್ನು ಹಚ್ಚುವುದು ದುಡ್ಡನ್ನು ನೀರಿಗೆ ಹಾಕಿದಂತೆ. ಇವಕ್ಕೆಂದೇ ತಯಾರಾದ ವಿಶೇಷ ಅಂಟುಗಳು ಇವೆಯಾದರೂ, ಅವುಗಳ ಬೆಲೆಗೆ ಹೊಸ ಬಕೆಟ್ಟೇ ಬರುತ್ತದೆ.

ಬಕೆಟ್ಟು, ಡ್ರಮ್ಮುಗಳಿಗೆ ಬೆಸುಗೆ ಮತ್ತು ಹೊಲಿಗೆ

ಮೊದಲು ಸಾಮಾನಿನಲ್ಲಿ ಜೀವ ಉಳಿದಿದೆಯೇ ನೋಡಿ. ಬಹುಕಾಲ ಬಿಸಿಲಿನಲ್ಲಿದ್ದ ಪ್ಲಾಸ್ಟಿಕ್ಕು ಬಣ್ಣಗೆಟ್ಟು, ಉಜ್ಜಿದರೆ ಬೆರಳಿಗೆ ಪುಡಿ ಹತ್ತುತ್ತದೆ. ಅದರ ಚೂರು ಬಗ್ಗಿಸಿದೊಡನೆ ಪಟಕ್ಕನೆ ಮುರಿಯುವುದಾದರೆ ದುರಸ್ತಿ ವ್ಯರ್ಥ. ಒಂದು ಕಡೆ ಮುಚ್ಚಿದರೆ ಪಕ್ಕದಲ್ಲಿ ಬಿರಿಯುತ್ತದೆ. ಬಗ್ಗಿ ಉಳಿಯುವುದಾದರೆ ಮುಂದೆ ಹೇಳಿರುವಂತೆ ಮಾಡಿ.

ಬಿರುಕಿನ ಎರಡೂ ತುದಿಗಳಲ್ಲಿ ಕಾದ ದಬ್ಬಣದಿಂದ ಒಂದೊಂದು ಸಣ್ಣ ದುಂಡು ರಂಧ್ರ ಮಾಡಿ. ಇದರಿಂದ ಬಿರುಕು ಮುಂದಕ್ಕೆ ಓಡುವುದು ನಿಲ್ಲುತ್ತದೆ. ಬಿರುಕಿನ ಉದ್ದಕ್ಕೂ ಚಾಕುವಿನಿಂದ ನೇಗಿಲ ಸಾಲಿನಂತೆ ಸಣ್ಣ ಕಾಲುವೆ ತೆಗೆಯಿರಿ. ಅದೇ ಅಂಕಿಯ ಹಳೆಯ ಪ್ಲಾಸ್ಟಿಕ್ಕಿನಿಂದ ಒಂದು ಪಟ್ಟಿ ಕತ್ತರಿಸಿಕೊಳ್ಳಿ. 2ಕ್ಕೆ 2, 5ಕ್ಕೆ 5 ಇರಲೇಬೇಕು. ಗಟ್ಟಿ ಪಾಲಿಥೀನ್ ಸುಮಾರು 130 ಡಿಗ್ರಿ ಸೆಲ್ಸಿಯಸ್ ಶಾಖಕ್ಕೂ ಪಾಲಿಪ್ರೊಪಿಲೀನ್ ಸುಮಾರು 160 ಡಿಗ್ರಿಗೂ ಕರಗುತ್ತವೆ. ಒಂದಕ್ಕೊಂದು ಬೆರೆಯುವುದಿಲ್ಲ. ಕಾಯಿಸಿದ ಚಪ್ಪಟೆ ಕಬ್ಬಿಣದಿಂದ ಪಟ್ಟಿಯನ್ನೂ ಕಾಲುವೆಯ ಅಂಚುಗಳನ್ನೂ ಒಟ್ಟಿಗೆ ಕರಗಿಸಿ ಒತ್ತಿ. ಪಟ್ಟಿ ಮಾತ್ರ ಕರಗಿ, ಕೆಳಗಿನದು ಕರಗದಿದ್ದರೆ ಬೆಸುಗೆ ಕೂಡುವುದಿಲ್ಲ. ಕೆಲಸವನ್ನು ಬಯಲಿನಲ್ಲಿ ಮಾಡಿ. ಹೊಗೆ ಎದ್ದರೆ ಕಬ್ಬಿಣ ಹೆಚ್ಚು ಕಾದಿದೆಯೆಂದು ತಿಳಿದು ಆರಿಸಿಕೊಳ್ಳಿ. ತಣ್ಣಗಾದ ಮೇಲೆ ನೀರು ತುಂಬಿ ಪರೀಕ್ಷಿಸಿ. ಊರೂರು ತಿರುಗಿ ಪ್ಲಾಸ್ಟಿಕ್ ಬಿಂದಿಗೆಗೆ ತೇಪೆ ಹಾಕುವವರು ಮಾಡುವುದೂ ಇದನ್ನೇ.

ನೀರು ತುಂಬದ ಸಾಮಾನಾದರೆ ಇನ್ನೂ ಸುಲಭ. ಬಿರುಕಿನ ಎರಡು ಬದಿಗೂ ರಂಧ್ರಗಳನ್ನು ಮಾಡಿ, ಹರಿದ ಮೊರವನ್ನು ಹೊಲಿಯುವಂತೆ ತಂತಿ ಇಲ್ಲವೇ ನೈಲಾನ್ ದಾರದಿಂದ ಹೊಲಿದುಬಿಡಿ. ರಾಗಿ, ಕಡಲೆಕಾಯಿ ಒಣಗಿಸುವ ಟಾರ್ಪಾಲು ಹರಿದರೆ ಅಂಟಿನ ಬದಲು ಹೊಲಿಗೆ ಹಾಕಿ, ಮೇಲೆ ಕೆಳಗೆ ಟಾರ್ಪಾಲಿನ ಪಟ್ಟಿ ಕೊಟ್ಟು ಹೊಲಿದರೆ ಬಾಳುತ್ತದೆ. ಕುರ್ಚಿಯ ಕೈ ಅಥವಾ ಬೆನ್ನು ಸೀಳಿದರೆ ಎರಡು ಬದಿಗೂ ತಗಡಿನ ಪಟ್ಟಿ ಇಟ್ಟು ಬೋಲ್ಟು ಹಾಕಿ. ಕಾಲು ಮುರಿದ ಕುರ್ಚಿಯನ್ನು ಮಾತ್ರ ಸರಿಪಡಿಸಿ ವೃದ್ಧರನ್ನು, ಗರ್ಭಿಣಿಯರನ್ನು ಕೂರಿಸಬಾರದು.

ಮುಳುಗುವ ಜಾತಿಗೆ ಹೊಂದುವ ಅಂಟುಗಳು

ಪೈಪಿನ ಅಂಟು: ಇದು ಪಿ.ವಿ.ಸಿ.ಗೆ ಮಾತ್ರ. ಇದು ಮೈಯನ್ನು ಕರಗಿಸಿ ಎರಡನ್ನೂ ಒಂದು ಮಾಡುತ್ತದೆ. ಆದ್ದರಿಂದಲೇ ಸರಿಯಾಗಿ ಕೂಡಿದ ಪೈಪನ್ನು ಮತ್ತೆ ಬಿಡಿಸಲಾಗದು. ಪೈಪಿನ ಒಡೆದ ಭಾಗದ ಮೇಲೆ ಅಂಟು ಮೆತ್ತಿದರೆ ಸಾಲದು. ಒಡೆದ ತುಂಡನ್ನು ಕತ್ತರಿಸಿ ತೆಗೆದು ಕಪ್ಲಿಂಗ್ ಹಾಕಬೇಕು. ತುದಿಗಳನ್ನು ಒರೆಸಿ, ಮರಳು ಕಾಗದದಿಂದ ಹೊಳಪು ತೆಗೆದು, ಎರಡಕ್ಕೂ ತೆಳುವಾಗಿ ಅಂಟು ಸವರಿ, ಕೊಂಚ ತಿರುಗಿಸುತ್ತಾ ಒಳಕ್ಕೆ ತಳ್ಳಿ ಅರ್ಧ ನಿಮಿಷ ಹಿಡಿಯಿರಿ. ಒಂದು ಹಗಲು ಒಂದು ರಾತ್ರಿ ಮೋಟಾರು ಹಾಕದಿದ್ದರೆ ಕೀಲು ಗಟ್ಟಿಯಾಗುತ್ತದೆ. ಬೆಳೆ ಒಣಗುತ್ತಿರುವಾಗ ಕಾಯುವುದು ಕಷ್ಟವೇ, ಆದರೆ ಆತುರಪಟ್ಟರೆ ಕೀಲು ಬಿಟ್ಟು ಇನ್ನೂ ಎರಡು ದಿನ ಹೋಗುತ್ತದೆ. ಡಬ್ಬಿಯಲ್ಲಿ ಮುದ್ದೆಯಾದ ಅಂಟನ್ನು ಎಸೆಯಿರಿ. ಈ ಅಂಟಿನ ಆವಿಗೆ ಬೆಂಕಿ ತಗಲುತ್ತದೆ. ಬಳಿಯಲ್ಲಿ ಬೀಡಿ ಹಚ್ಚಬಾರದು.

ಕ್ಷಣದಲ್ಲಿ ಹಿಡಿಯುವ ಅಂಟು: ಫೆವಿಕ್ವಿಕ್ ಮೊದಲಾದ ಪುಟ್ಟ ಟ್ಯೂಬುಗಳು ಈ ವರ್ಗದವು. ಸೈನೋಅಕ್ರಿಲೇಟ್ ಎಂಬ ಈ ರಾಸಾಯನಿಕದ ಅಂಟುಗುಣ 1942ರಲ್ಲಿ ಅಮೆರಿಕದಲ್ಲಿ ಕಂಡುಬಂದು, 1958ರಲ್ಲಿ ಮಾರಾಟಕ್ಕೆ ಬಂತು. ಗಾಳಿಯ ತೇವದಿಂದ ಇದು ಗಟ್ಟಿಯಾಗುತ್ತದೆ. ರೇಡಿಯೋ ಕವಚ, ರಿಮೋಟು, ಬಾಚಣಿಗೆ, ಮಕ್ಕಳ ಆಟಿಕೆಗಳಲ್ಲಿ ಮುರಿದ ತುಂಡುಗಳು ಸರಿಯಾಗಿ ಕೂಡುವಂತಿದ್ದರೆ ಒಂದು ತೊಟ್ಟು ಸಾಕು. ಹೆಚ್ಚು ಹಾಕಿದರೆ ಹೆಚ್ಚು ಹಿಡಿಯುತ್ತದೆಂಬುದು ತಪ್ಪು. ಸದಾ ನೀರಿನಲ್ಲಿ ನೆನೆಯುವ, ಪೆಟ್ಟು ತಿನ್ನುವ ಜಾಗಕ್ಕೆ ಇದು ಬೇಡ. ಹತ್ತಿ ಬಟ್ಟೆಯ ಮೇಲೆ ಚೆಲ್ಲಿದರೆ ಬಿಸಿಯೆದ್ದು ಚರ್ಮ ಸುಡಬಹುದು. ಬೆರಳುಗಳು ಅಂಟಿಕೊಂಡರೆ ಎಳೆಯದೆ ಬೆಚ್ಚನೆಯ ಸೋಪಿನ ನೀರಿನಲ್ಲಿ ನೆನೆಸಿ ಮೆಲ್ಲಗೆ ಬಿಡಿಸಿ. ಕಣ್ಣಿಗೆ ಸಿಡಿದರೆ ರೆಪ್ಪೆಯನ್ನು ಬಲವಂತವಾಗಿ ಬಿಡಿಸದೆ ಕೂಡಲೆ ವೈದ್ಯರ ಬಳಿಗೆ ಹೋಗಿ. ಟ್ಯೂಬು ಮಕ್ಕಳ ಕೈಗೆ ಸಿಗದಂತಿರಲಿ.

ಎರಡು ಟ್ಯೂಬಿನ ಅಂಟು: ಅರಾಲ್ಡೈಟ್ ಇದಕ್ಕೆ ಉದಾಹರಣೆ. ಇದೇ ವರ್ಗದ ಕಣಕದಂಥ ಅಂಟು ಎಂ-ಸೀಲ್. ಒಂದು ಭಾಗ ರಾಳ, ಇನ್ನೊಂದು ಅದನ್ನು ಗಟ್ಟಿಮಾಡುವ ಪದಾರ್ಥ. ಪೊಟ್ಟಣದಲ್ಲಿ ಹೇಳಿದ ಅಳತೆಯಲ್ಲೇ ತೆಗೆದು, ಎರಡರ ಬಣ್ಣ ಒಂದಾಗುವವರೆಗೆ ಬೆರೆಸಬೇಕು. ತುಂಡು ಕಳೆದುಹೋಗಿ ಸಂದು ಬಿದ್ದಿರುವಲ್ಲಿ, ದಪ್ಪವಾಗಿ ತುಂಬಬೇಕಾದಲ್ಲಿ ಇದೇ ಮೇಲು. ಮೈಯನ್ನು ಉಜ್ಜಿ ಒರಟು ಮಾಡಿ, ಜಿಡ್ಡು ತೊಳೆದು, ಒಣಗಿಸಿ ಹಚ್ಚಿ. ಹಗ್ಗದಿಂದ ಬಿಗಿದು ರಾತ್ರಿಯೆಲ್ಲ ಬಿಡಿ.

ಮರಕ್ಕೆ ಹಚ್ಚುವ ಬಿಳಿ ಅಂಟು, ಅಂದರೆ ಫೆವಿಕಾಲ್, ನೀರು ಇಂಗಿದಾಗ ಮಾತ್ರ ಗಟ್ಟಿಯಾಗುವಂಥದು. ಮರ, ಕಾಗದ, ಬಟ್ಟೆ ನೀರನ್ನು ಹೀರುತ್ತವೆ, ಪ್ಲಾಸ್ಟಿಕ್ಕು ಹೀರುವುದಿಲ್ಲ. ಆದ್ದರಿಂದ ಇದು ಯಾವ ಪ್ಲಾಸ್ಟಿಕ್ಕಿಗೂ ಹೊಂದದು.

ಸರಿಪಡಿಸಬಾರದ ಸಾಮಾನುಗಳು

ಔಷಧಿ ಸಿಂಪಡಿಸುವ ಬೆನ್ನಿನ ಪಂಪು ಇವುಗಳಲ್ಲಿ ಮೊದಲನೆಯದು. ಅದರ ತೊಟ್ಟಿ ಸಾಮಾನ್ಯವಾಗಿ ತೇಲುವ ಜಾತಿಯದೇ. ಬಿರುಕಿಗೆ ಎಂ-ಸೀಲ್ ಮೆತ್ತಿದರೆ ಮನೆಯಲ್ಲಿ ಸೋರದಂತೆ ಕಾಣುತ್ತದೆ. ಹೊಲದಲ್ಲಿ ತುಂಬಿದ ತೊಟ್ಟಿ ಕುಲುಕುವಾಗ ತೇಪೆ ಕಳಚುತ್ತದೆ. ಕೀಟನಾಶಕ ಬೆನ್ನಿನ ಮೇಲೆ ಇಳಿದು ಅಂಗಿಯನ್ನು ತೋಯಿಸುತ್ತದೆ. ವಿಷವು ಬಾಯಿಂದ ಮಾತ್ರವಲ್ಲ, ಚರ್ಮದ ಮೂಲಕವೂ ರಕ್ತಕ್ಕೆ ಸೇರುತ್ತದೆ. ತೊಟ್ಟಿ ಒಡೆದರೆ ಹೊಸ ತೊಟ್ಟಿಯನ್ನೇ ಹಾಕಿಸಬೇಕು.

ಎರಡನೆಯದು, ಕೀಟನಾಶಕದ ಖಾಲಿ ಡಬ್ಬಿ. ಎಷ್ಟೇ ಗಟ್ಟಿಯಾಗಿದ್ದರೂ ಮನೆಯ ಉಪಯೋಗಕ್ಕೆ ತರಬಾರದು. ಮೂರು ಸಲ ತೊಳೆದು, ಆ ನೀರನ್ನು ಸಿಂಪಡಣೆಯ ತೊಟ್ಟಿಗೇ ಸುರಿದು, ಡಬ್ಬಿಗೆ ತೂತು ಹೊಡೆದು ಇಡಬೇಕು.

ಮೂರನೆಯದು, ಕುಡಿಯುವ ನೀರಿನ ಕ್ಯಾನು. ಮಧುಗಿರಿ, ಪಾವಗಡ, ಸಿರಾ ತಾಲ್ಲೂಕುಗಳ ಅನೇಕ ಕೊಳವೆ ಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಒಂದು ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರು ಹಲ್ಲು, ಮೂಳೆಗಳಿಗೆ ಕೇಡು. ಅದಕ್ಕಾಗಿಯೇ ಶುದ್ಧ ನೀರಿನ ಘಟಕದಿಂದ 20 ಲೀಟರಿನ ಕ್ಯಾನು ಹೊತ್ತು ತರುತ್ತೇವೆ. ಅಷ್ಟು ಶ್ರಮಪಟ್ಟು ತಂದ ನೀರನ್ನು ಅಂಟು ಹಚ್ಚಿದ ಕ್ಯಾನಿನಲ್ಲಿಟ್ಟು ಕೆಡಿಸುವುದೇಕೆ? ಸಾಮಾನ್ಯ ಅಂಟುಗಳು ಆಹಾರ, ನೀರುಗಳ ಸಂಪರ್ಕಕ್ಕೆಂದು ತಯಾರಾದವಲ್ಲ. ಒಡೆದ ಕ್ಯಾನಿನ ಬಾಯನ್ನು ಕತ್ತರಿಸಿದರೆ ಸಸಿ ಬೆಳೆಸಲು ಕುಂಡವಾಗುತ್ತದೆ.

ನಾಲ್ಕನೆಯದು, ವಿದ್ಯುತ್ತಿನ ಸ್ವಿಚ್ಚು, ಪ್ಲಗ್ಗು ಮತ್ತು ಕುಕ್ಕರಿನ ಹಿಡಿ. ಒಂದರಲ್ಲಿ ವಿದ್ಯುತ್ ತಗಲುವ, ಇನ್ನೊಂದರಲ್ಲಿ ಬಿಸಿಗೆ ಅಂಟು ಸಡಿಲಿ ಕೈಸುಡುವ ಅಪಾಯವಿದೆ. ಹೊಸದನ್ನೇ ಹಾಕಿಸಿ.

ನೆನಪಿಡಬೇಕಾದ ಅಂಶಗಳು

1. ಅಂಟು ಕೊಳ್ಳುವ ಮೊದಲು ತಳದ ಅಂಕಿ ನೋಡಿ, ಇಲ್ಲದಿದ್ದರೆ ಚೂರನ್ನು ನೀರಿಗೆ ಹಾಕಿ.

2. ತೇಲಿದರೆ ಅಂಟು ಬೇಡ. ಬೆಸುಗೆ, ಹೊಲಿಗೆ ಅಥವಾ ಬೋಲ್ಟು.

3. ಮುಳುಗಿದರೆ, ಪಿ.ವಿ.ಸಿ. ಪೈಪಿಗೆ ಪೈಪಿನ ಅಂಟು. ಸರಿಯಾಗಿ ಕೂಡುವ ಸಣ್ಣ ಮುರಿತಕ್ಕೆ ಕ್ಷಣದ ಅಂಟು. ಸಂದು ತುಂಬಲು ಎರಡು ಟ್ಯೂಬಿನ ಅಂಟು.

4. ಉಜ್ಜುವುದು, ತೊಳೆಯುವುದು, ಒಣಗಿಸುವುದು, ಕಾಯುವುದು: ಇವನ್ನು ಬಿಟ್ಟರೆ ಒಳ್ಳೆಯ ಅಂಟೂ ಹಿಡಿಯದು.

5. ವಿಷ, ಕುಡಿಯುವ ನೀರು, ವಿದ್ಯುತ್ತು, ಬೆಂಕಿ ಇವುಗಳಿಗೆ ಸಂಬಂಧಪಟ್ಟ ಸಾಮಾನಿಗೆ ಅಂಟು ಹಚ್ಚಬಾರದು.

ಮುಂದಿನ ಸಲ ಬಕೆಟ್ಟು ಸೀಳಿದಾಗ ಅಂಗಡಿಗೆ ಓಡುವ ಮುನ್ನ ಒಂದು ಲೋಟ ನೀರು ತೆಗೆದುಕೊಳ್ಳಿ. ಯಾವ ಅಂಟು ಬೇಕು, ಅಂಟು ಬೇಕೋ ಬೇಡವೋ ಎಂಬುದನ್ನು ಆ ನೀರೇ ಹೇಳುತ್ತದೆ. ಹೊಲಿಗೆಗೆ ಬೇಕಾದ ದಬ್ಬಣವೂ ತಂತಿಯೂ ಹೇಗೂ ಮನೆಯಲ್ಲೇ ಇವೆ.