ಊರಿಲ್ಲದ ಊರಿನ ಚರ್ಚು

ಮಕ್ಕಳೇ, ಹಳ್ಳಿಯಲ್ಲಿರುವ ಅಜ್ಜಿಯ ಮನೆಯ ಗೋಡೆಗಳನ್ನು ಎಂದಾದರೂ ಗಮನವಿಟ್ಟು ನೋಡಿದ್ದೀರಾ? ಕೆಲವು ಹಳೆಯ ಮನೆಗಳ ಗೋಡೆಯಲ್ಲಿ ಬಾಗಿಲಿನ ಆಕಾರದ ಗುರುತೊಂದು ಇರುತ್ತದೆ. ಬಾಗಿಲು ಮಾತ್ರ ಇರುವುದಿಲ್ಲ. ಕಲ್ಲು, ಮಣ್ಣು ತುಂಬಿ ಮುಚ್ಚಿಬಿಟ್ಟಿರುತ್ತಾರೆ. "ಯಾಕಜ್ಜಿ ಮುಚ್ಚಿದ್ದು?" ಎಂದು ಕೇಳಿದರೆ, "ನಿಮ್ಮ ತಾತ, ಚಿಕ್ಕತಾತ ಪಾಲಾದಾಗ ಮುಚ್ಚಿದ್ದು ಕಣೋ" ಎಂದು ಅಜ್ಜಿ ಹೇಳಬಹುದು. ನೋಡಿ, ಮುಚ್ಚಿದ ಒಂದು ಬಾಗಿಲಿನಲ್ಲಿ ಒಂದು ಮನೆತನದ ಕಥೆಯೇ ಅಡಗಿರುತ್ತದೆ!

ಹೀಗೆ ಗೋಡೆಯನ್ನು ನೋಡಿ ಇಡೀ ಒಂದು ಊರಿನ ಕಥೆಯನ್ನು ತಿಳಿಯಬಹುದಾದ ಜಾಗ ಇಂಗ್ಲೆಂಡಿನಲ್ಲಿದೆ. ಅದರ ಹೆಸರು ವಾರಮ್ ಪರ್ಸಿ. ಉತ್ತರ ಯಾರ್ಕ್‌ಶೈರ್ ಎಂಬ ಸೀಮೆಯಲ್ಲಿ, ಸುಣ್ಣಕಲ್ಲಿನ ಗುಡ್ಡಗಳ ನಡುವಿನ ಕಣಿವೆಯಲ್ಲಿದೆ. ಅಲ್ಲಿಗೆ ವಾಹನ ಹೋಗುವುದಿಲ್ಲ. ರಸ್ತೆಯಲ್ಲಿ ಇಳಿದು, ಹೊಲಗಳ ಮಧ್ಯೆ ಒಂದು ಕಿಲೋಮೀಟರಿಗೂ ಹೆಚ್ಚು ನಡೆಯಬೇಕು. ನಡೆದು ಹೋದರೆ ಅಲ್ಲಿ ಏನಿದೆ? ಒಂದು ಕೊಳ, ಅದರ ಪಕ್ಕದಲ್ಲಿ ಮಾಡಿಲ್ಲದ ಒಂದು ಹಳೆಯ ಚರ್ಚು, ಸುತ್ತ ಹಸಿರು ಹುಲ್ಲು, ಮೇಯುವ ದನ-ಕುರಿ. ಚರ್ಚಿದೆ, ಆದರೆ ಊರೇ ಇಲ್ಲ!

ನಮ್ಮ ಕಡೆ ಕಂದಾಯದ ಕಾಗದಗಳಲ್ಲಿ 'ಬೇಚರಾಕ್ ಗ್ರಾಮ' ಎಂಬ ಮಾತು ಬರುವುದನ್ನು ಹಿರಿಯರು ಕೇಳಿರುತ್ತಾರೆ. ಹೆಸರಿದೆ, ಗಡಿಯಿದೆ, ದೀಪ ಹಚ್ಚುವವರಿಲ್ಲ. ಇಂಗ್ಲೆಂಡಿನಲ್ಲಿ ಹಾಗೆ ಮಧ್ಯಯುಗದಲ್ಲಿ ಹಾಳಾದ ಹಳ್ಳಿಗಳು ಮೂರು ಸಾವಿರದಷ್ಟಿವೆ. ಅವುಗಳಲ್ಲಿ ತೀರ ಹೆಸರಾದದ್ದು ವಾರಮ್ ಪರ್ಸಿ.

ನಲವತ್ತು ಬೇಸಿಗೆಗಳ ಅಗೆತ

ಮಾರಿಸ್ ಬೆರೆಸ್‌ಫರ್ಡ್ ಎಂಬ ಇತಿಹಾಸದ ಮೇಷ್ಟ್ರಿಗೆ ಹಳೆಯ ನಕ್ಷೆಗಳೆಂದರೆ ಪ್ರಾಣ. ನಕ್ಷೆಯಲ್ಲಿ, ಕಾಗದಪತ್ರಗಳಲ್ಲಿ ಇರುವ ಹಳ್ಳಿಗಳು ನೆಲದ ಮೇಲೆ ಯಾಕಿಲ್ಲ ಎಂದು ಅವರು ಹುಡುಕುತ್ತಿದ್ದರು. 1950ರಲ್ಲಿ ವಾರಮ್ ಪರ್ಸಿಯಲ್ಲಿ ಅಗೆಯಲು ಶುರುಮಾಡಿದರು. ಸ್ವಲ್ಪ ಕಾಲದಲ್ಲೇ ಜಾನ್ ಹರ್ಸ್ಟ್ ಎಂಬ ಪುರಾತತ್ವ ತಜ್ಞರು ಜೊತೆಗೂಡಿದರು. ಪ್ರತಿ ಬೇಸಿಗೆಯಲ್ಲೂ ಕೆಲವು ವಾರ ಅಗೆತ. ಬಹುಪಾಲು ಕೆಲಸಗಾರರು ಸಂಬಳವಿಲ್ಲದೆ, ಆಸಕ್ತಿಯಿಂದ ಬಂದವರು. ಇದು 1990ರವರೆಗೆ, ಅಂದರೆ ನಲವತ್ತು ವರ್ಷ ನಡೆಯಿತು! ಅದರ ನಡುವೆ, 1962ರಿಂದ 1974ರವರೆಗೆ ಅವರು ಅಗೆದದ್ದು ಸಂತ ಮಾರ್ಟಿನರ ಹೆಸರಿನ ಈ ಚರ್ಚನ್ನು.

ಡಬ್ಬಿಯೊಳಗೊಂದು ಡಬ್ಬಿ

ಚರ್ಚಿನ ನೆಲವನ್ನು ಕೆರೆದು ನೋಡಿದಾಗ ಅಚ್ಚರಿ ಕಾದಿತ್ತು. ಈಗ ಕಾಣುವ ಗೋಡೆಗಳ ಒಳಗೆ, ನೆಲದಡಿಯಲ್ಲಿ, ಇನ್ನೊಂದು ಪುಟ್ಟ ಕಲ್ಲಿನ ಚರ್ಚಿನ ಪಾಯ! ಅದಕ್ಕೂ ಹಿಂದಿನದಾಗಿ ಮಣ್ಣಿನಲ್ಲಿ ದುಂಡಗಿನ ಗುರುತುಗಳು. ಅಡುಗೆಮನೆಯಲ್ಲಿ ಅಜ್ಜಿ ದೊಡ್ಡ ಡಬ್ಬಿಯೊಳಗೆ ಚಿಕ್ಕ ಡಬ್ಬಿ ಇಡುವ ಹಾಗೆ, ಒಂದು ಚರ್ಚಿನೊಳಗೆ ಮತ್ತೊಂದು ಚರ್ಚು.

ಆ ದುಂಡಗಿನ ಗುರುತುಗಳು ಏನು ಗೊತ್ತೇ? ಮರದ ಕಂಬ ನೆಟ್ಟ ಗುಂಡಿಗಳು. ಕಂಬ ಕೊಳೆತು ಎಷ್ಟೋ ಕಾಲವಾಗಿದ್ದರೂ ಗುಂಡಿಯೊಳಗೆ ತುಂಬಿದ ಮಣ್ಣಿನ ಬಣ್ಣ ಬೇರೆಯೇ ಇರುತ್ತದೆ. ಅಂದರೆ ಮೊದಲಿಗೆ, ಸುಮಾರು 10ನೇ ಶತಮಾನದಲ್ಲಿ, ಇಲ್ಲಿದ್ದದ್ದು ಮರದ ಚರ್ಚು. ನಂತರ 11ನೇ ಶತಮಾನದಲ್ಲಿ ಕಲ್ಲಿನ ಚಿಕ್ಕ ಚರ್ಚು. ನಮ್ಮ ದೇವಸ್ಥಾನಗಳಲ್ಲಿ ಗರ್ಭಗುಡಿ, ಅದರ ಮುಂದೆ ಜನ ನಿಲ್ಲುವ ನವರಂಗ ಇರುತ್ತದಲ್ಲವೇ? ಚರ್ಚಿನಲ್ಲೂ ಹಾಗೆಯೇ. ಪಾದ್ರಿಯವರು ಪೂಜೆ ನಡೆಸುವ ಭಾಗ ಪೂರ್ವಕ್ಕೆ, ಜನ ಸೇರುವ ಹಜಾರ ಪಶ್ಚಿಮಕ್ಕೆ.

ಊರು ಬೆಳೆಯಿತು. ಪರ್ಸಿ ಎಂಬ ಜಮೀನುದಾರ ಮನೆತನದ ಹೆಸರು ಊರಿಗೆ ಅಂಟಿಕೊಂಡಿತು. ಈ ಚರ್ಚು ವಾರಮ್ ಪರ್ಸಿಗಷ್ಟೇ ಅಲ್ಲ, ಸುತ್ತಲಿನ ಇನ್ನೂ ನಾಲ್ಕು ಹಳ್ಳಿಗಳಿಗೂ ಸೇರಿತ್ತು. ಇಂಥ ಒಂದು ಸರಹದ್ದನ್ನು ಅಲ್ಲಿ 'ಪ್ಯಾರಿಷ್' ಎನ್ನುತ್ತಾರೆ. ನಾಮಕರಣ, ಮದುವೆ, ಮಣ್ಣು ಮಾಡುವುದು ಎಲ್ಲಕ್ಕೂ ಜನ ಇಲ್ಲಿಗೇ ಬರಬೇಕು. ಹಜಾರ ಸಾಲದಾಯಿತು. 12ನೇ ಶತಮಾನದ ಕೊನೆಗೆ ದಕ್ಷಿಣದ ಗೋಡೆಯನ್ನು ಒಡೆದು, ಕಮಾನುಗಳನ್ನು ಕಟ್ಟಿ, ಆಚೆಗೆ ಒಂದು ಪಡಸಾಲೆ ಸೇರಿಸಿದರು. 13ನೇ ಶತಮಾನದಲ್ಲಿ ಉತ್ತರಕ್ಕೂ ಒಂದು ಪಡಸಾಲೆ. ಮನೆಯಲ್ಲಿ ಸೊಸೆಯಂದಿರು, ಮೊಮ್ಮಕ್ಕಳು ಬಂದ ಹಾಗೆಲ್ಲ ಕೋಣೆ ಸೇರಿಸುತ್ತೇವಲ್ಲ, ಹಾಗೆ.

ಕಮಾನು ಮುಚ್ಚಿದ್ದು ಯಾಕೆ?

ಇಂದು ಚರ್ಚಿನ ಹೊರಗೆ ನಿಂತು ನೋಡಿದರೆ, ಆ ಕಮಾನುಗಳು ಗೋಡೆಯಲ್ಲಿ ಹುದುಗಿಕೊಂಡು ಕಾಣುತ್ತವೆ. ನಡುವಿನ ಜಾಗಕ್ಕೆಲ್ಲ ಕಲ್ಲು ತುಂಬಿದ್ದಾರೆ. ಪಡಸಾಲೆಗಳು ಇಲ್ಲ. ಬೆಳೆದ ಚರ್ಚು ಮತ್ತೆ ಚಿಕ್ಕದಾಗಿದೆ! ಯಾಕೆ?

ತುಂಬ ಜನ ತಟ್ಟನೆ ಹೇಳುವ ಉತ್ತರ: ಪ್ಲೇಗ್. 1348-49ರಲ್ಲಿ ಇಂಗ್ಲೆಂಡನ್ನು ಬಡಿದ ಮಹಾಮಾರಿ ಈ ಊರಿಗೂ ಬಂದಿತ್ತು, ನಿಜ. ಪ್ಲೇಗು ಬಂದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದ ಕಥೆಯನ್ನು ನಮ್ಮ ಅಜ್ಜ-ಅಜ್ಜಿಯರೂ ಅವರ ಹಿರಿಯರಿಂದ ಕೇಳಿದ್ದಾರೆ. ಆದರೆ ವಾರಮ್ ಪರ್ಸಿ ಪ್ಲೇಗಿಗೆ ಸಾಯಲಿಲ್ಲ. ಉಳಿದವರು ಮತ್ತೆ ಉತ್ತರು, ಬಿತ್ತರು. ಊರು ಇನ್ನೂ ನೂರೈವತ್ತು ವರ್ಷ ಬದುಕಿತು.

ಊರನ್ನು ಮುಗಿಸಿದ್ದು ಕುರಿ! ಪ್ಲೇಗಿನ ನಂತರ ಆಳುಗಳು ಸಿಗುವುದು ಕಷ್ಟವಾಯಿತು, ಕೂಲಿ ಏರಿತು. ಉಣ್ಣೆಗೆ ಮಾತ್ರ ಒಳ್ಳೆಯ ಬೆಲೆ. ಹೊಲ ಉಳಲು ಹತ್ತಾರು ಆಳು ಬೇಕು, ಕುರಿ ಕಾಯಲು ಒಬ್ಬ ಸಾಕು. ಜಮೀನುದಾರರು ಲೆಕ್ಕ ಹಾಕಿದರು. ಮನೆಗಳು ಒಂದೊಂದಾಗಿ ಖಾಲಿಯಾದವು. ಸುಮಾರು 1500ರ ಹೊತ್ತಿಗೆ, ಕೊನೆಗೆ ಉಳಿದಿದ್ದ ನಾಲ್ಕು ಮನೆಗಳವರನ್ನೂ ಎಬ್ಬಿಸಿ ಕಳಿಸಿದರು. ಅವರು ಎತ್ತು, ಪಾತ್ರೆಪಡಗ, ಮಕ್ಕಳನ್ನು ಕರೆದುಕೊಂಡು ಹೊರಟ ದಿನ ಹೇಗಿತ್ತೋ! ಅವರ ಮನೆಗಳ ಪಾಯ ಇಂದು ಹುಲ್ಲಿನಡಿ ಉಬ್ಬುತಗ್ಗಾಗಿ ಉಳಿದಿದೆ.

ಜನ ಕಡಿಮೆಯಾದ ಮೇಲೆ ದೊಡ್ಡ ಚರ್ಚಿನ ಮಾಡು ರಿಪೇರಿ ಮಾಡಿಸುವವರು ಯಾರು? ಪಡಸಾಲೆಗಳನ್ನು ಕೆಡವಿ, ಕಮಾನು ಮುಚ್ಚಿದರು. 17ನೇ ಶತಮಾನದಲ್ಲಿ ಪೂರ್ವದ ಭಾಗವನ್ನೂ ಮೊಟಕು ಮಾಡಿದರು.

ಮೂಳೆಗಳು ಹೇಳಿದ ಮಾತು

ಚರ್ಚಿನ ಒಳಗೂ ಅಂಗಳದಲ್ಲೂ ಸುಮಾರು 700 ಜನರ ಅಸ್ಥಿಪಂಜರಗಳು ಸಿಕ್ಕವು. ಇವರು ರಾಜರಲ್ಲ, ಸೇನಾಪತಿಗಳಲ್ಲ. ಹೊಲ ಉತ್ತ ಸಾಮಾನ್ಯ ಜನ. ಅವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಮೂಳೆಗಳೇ ಅವರ ಬದುಕನ್ನು ಹೇಳಬೇಕು.

ಅವರಲ್ಲಿ ಅರ್ಧಕ್ಕೆ ಹತ್ತಿರದಷ್ಟು ಮಕ್ಕಳು. ಅಂದಿನ 14 ವರ್ಷದ ಹುಡುಗನ ಎತ್ತರ ಇಂದಿನ 10 ವರ್ಷದ ಹುಡುಗನಷ್ಟಿತ್ತು. ಊಟ ಸಾಲದು, ಕಾಯಿಲೆ ಹೆಚ್ಚು. ಆದರೂ ತಾಯಂದಿರು ಕೂಸುಗಳಿಗೆ ಸುಮಾರು ಒಂದೂವರೆ ವರ್ಷದವರೆಗೆ ಎದೆಹಾಲು ಕೊಡುತ್ತಿದ್ದರೆಂದು ಮೂಳೆಯ ರಾಸಾಯನಿಕ ಪರೀಕ್ಷೆಯಿಂದ ತಿಳಿದುಬಂದಿದೆ.

ಇನ್ನೊಬ್ಬ ನಲವತ್ತರ ಆಸುಪಾಸಿನ ರೈತನ ಕಥೆ ಕೇಳಿ. ಸಾವಿರ ವರ್ಷದ ಹಿಂದಿನವನು. ಯಾರೋ ತಲೆಗೆ ಬಲವಾಗಿ ಹೊಡೆದು ಬುರುಡೆ ಒಡೆದಿತ್ತು. ಇನ್ನಾರೋ ಅವನ ತಲೆಯ ಚರ್ಮ ಬಿಡಿಸಿ, ಒಳಗಿನ ಮೂಳೆಯನ್ನು ಕೆರೆದು ಚಿಕಿತ್ಸೆ ಮಾಡಿದ್ದರು. ಮೂಳೆ ಮತ್ತೆ ಕೂಡಿಕೊಂಡಿದೆ. ಅಂದರೆ ಅವನು ಬದುಕಿ ಉಳಿದ! ಅರಿವಳಿಕೆ ಔಷಧವಿಲ್ಲದ ಕಾಲದಲ್ಲಿ, ಒಂದು ಕುಗ್ರಾಮದ ಬಡವನಿಗೆ ಇಂಥ ಆರೈಕೆ ಸಿಕ್ಕಿತ್ತೆಂದರೆ ನಂಬಲಾಗುವುದಿಲ್ಲ.

ಕೊನೆಯ ಪ್ರಾರ್ಥನೆ

ಊರು ಖಾಲಿಯಾದ ಮೇಲೂ ಚರ್ಚು ನಾನೂರು ವರ್ಷಕ್ಕಿಂತ ಹೆಚ್ಚು ನಡೆಯಿತು! ಪಕ್ಕದ ಥಿಕ್ಸೆನ್‌ಡೇಲ್ ಹಳ್ಳಿಯವರು ಬೆಟ್ಟ ದಾಟಿ ಇಲ್ಲಿಗೆ ಬರುತ್ತಿದ್ದರು. ಮಳೆಯಲ್ಲಿ, ಹಿಮದಲ್ಲಿ, ಶವ ಹೊತ್ತುಕೊಂಡು ಕೂಡ. 1870ರಲ್ಲಿ ಅವರಿಗೆ ತಮ್ಮದೇ ಚರ್ಚು ಆಯಿತು. ಇಲ್ಲಿಗೆ ಬರುವವರು ಇನ್ನೂ ಕಡಿಮೆಯಾದರು. 1949ರಲ್ಲಿ ಇಲ್ಲಿ ಕೊನೆಯ ಪ್ರಾರ್ಥನೆ ನಡೆಯಿತು. ಮಾಡಿನ ಸೀಸದ ತಗಡನ್ನು ಕಳ್ಳರು ಹೊತ್ತೊಯ್ದರು. ಸುಮಾರು ಹತ್ತು ವರ್ಷದ ನಂತರ ಗೋಪುರದ ಒಂದು ಭಾಗವೂ ಕುಸಿಯಿತು. ಉಳಿದದ್ದನ್ನು ಈಗ ಭದ್ರಪಡಿಸಿ ಕಾಪಾಡಿದ್ದಾರೆ.

ಮಕ್ಕಳೇ, ಈ ರಜೆಯಲ್ಲಿ ನೀವೂ ಒಂದು ಕೆಲಸ ಮಾಡಿ. ಊರಿನ ಹಳೆಯ ಗುಡಿ, ಮಸೀದಿ, ಚರ್ಚು, ಇಲ್ಲವೇ ಅಜ್ಜನ ಮನೆಯನ್ನು ಒಂದು ಸುತ್ತು ಹಾಕಿ. ಕಲ್ಲಿನ ಬಣ್ಣ ಎಲ್ಲಿ ಬದಲಾಗಿದೆ? ಯಾವ ಬಾಗಿಲು ಮುಚ್ಚಿದೆ? ಯಾವ ಕಂಬ ಬೇರೆ ಜಾತಿಯದು? ಬರೆದುಕೊಳ್ಳಿ. ಆಮೇಲೆ ಅಜ್ಜ-ಅಜ್ಜಿಯರ ಹತ್ತಿರ ಕೂತು ಕೇಳಿ. ಅಜ್ಜ-ಅಜ್ಜಿಯರೇ, ನೆನಪಿದ್ದಷ್ಟನ್ನೂ ಹೇಳಿ. ವಾರಮ್ ಪರ್ಸಿಯಲ್ಲಿ ಹೇಳುವವರು ಇಲ್ಲದೆ, ಒಂದು ಗೋಡೆಯ ಕಥೆ ತಿಳಿಯಲು ವರ್ಷಾನುಗಟ್ಟಲೆ ಅಗೆಯಬೇಕಾಯಿತು. ನಮ್ಮ ಮನೆಯ ಗೋಡೆಯ ಕಥೆಗೆ ಗುದ್ದಲಿ ಬೇಡ. ಒಂದು ಸಂಜೆ ಸಾಕು.