ನೂರಕ್ಕೆ ನೂರರ ಶಾಲೆ ಮತ್ತು ಪಕ್ಕದ ಶಾಲೆ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದೊಡನೆ ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ ಒಂದು ಪಟ್ಟಿ ಸಿದ್ಧವಾಗುತ್ತದೆ. ಶಾಲೆಯ ಹೆಸರು, ಪರೀಕ್ಷೆಗೆ ಕುಳಿತವರು, ಪಾಸಾದವರು, ಕೊನೆಯಲ್ಲಿ ಶೇಕಡಾವಾರು. ಊರಿನವರ ಕಣ್ಣು ಹೋಗುವುದು ಆ ಕೊನೆಯ ಅಂಕಿಯ ಮೇಲೆ ಮಾತ್ರ. ನೂರಕ್ಕೆ ನೂರು ಬಂದ ಶಾಲೆಯ ಮುಖ್ಯೋಪಾಧ್ಯಾಯರಿಗೆ ಶಾಲು, ಹಾರ. ತೀರಾ ಕೆಳಗಿಳಿದವರಿಗೆ ಕಾರಣ ಕೇಳುವ ನೋಟಿಸು. ಜೂನ್ ಬಂತೆಂದರೆ ಕೈಲಾದ ತಂದೆತಾಯಂದಿರು ಟಿ.ಸಿ. ಪಡೆದು ಮಕ್ಕಳನ್ನು ಬೇರೆ ಶಾಲೆಗೆ ಸೇರಿಸುತ್ತಾರೆ. ಕೈಲಾಗದವರ ಮಕ್ಕಳು ಅಲ್ಲೇ ಉಳಿಯುತ್ತಾರೆ.

ಹೀಗೆ ಹೋಲಿಸಲಾಗುವ ಶಾಲೆಗಳೆಲ್ಲ ಸರ್ಕಾರದವೇ ಆದರೂ ಒಂದೇ ಬಗೆಯವಲ್ಲ. ರಾಜ್ಯದ ಶೈಕ್ಷಣಿಕವಾಗಿ ಹಿಂದುಳಿದ 74 ಕಡೆಗಳಲ್ಲಿ ಆದರ್ಶ ವಿದ್ಯಾಲಯಗಳಿವೆ. ಅಲ್ಲಿ 6ನೇ ತರಗತಿಗೆ ಸೇರಬೇಕಾದರೆ ಪ್ರವೇಶ ಪರೀಕ್ಷೆ ಬರೆಯಬೇಕು. ಮೊರಾರ್ಜಿ ದೇಸಾಯಿ ವಸತಿ ಶಾಲೆಗಳೂ ಪರೀಕ್ಷೆ ನಡೆಸಿ ಮಕ್ಕಳನ್ನು ಆರಿಸಿಕೊಳ್ಳುತ್ತವೆ. ಅದೇ ರಸ್ತೆಯಲ್ಲಿ ಎರಡು ಮೈಲಿ ಆಚೆಗಿರುವ ಸಾಮಾನ್ಯ ಸರ್ಕಾರಿ ಪ್ರೌಢಶಾಲೆಗೆ ಈ ಆಯ್ಕೆಯಿಲ್ಲ. ಬಾಗಿಲಿಗೆ ಬಂದ ಯಾವ ಮಗುವನ್ನೂ ಅದು ಹಿಂದಕ್ಕೆ ಕಳಿಸುವಂತಿಲ್ಲ. ಸುಗ್ಗಿಯಲ್ಲಿ ತಿಂಗಳುಗಟ್ಟಲೆ ಗೈರಾಗುವವನು, ಗುಳೆ ಹೋಗಿ ಬಂದವಳು, 8ನೇ ತರಗತಿಗೆ ಬಂದರೂ ಭಾಗಾಕಾರ ಬಾರದವನು, ಎಲ್ಲರೂ ಅಲ್ಲೇ. ಆರಿಸಿಕೊಂಡ ಶಾಲೆಗೆ 95, ಆರಿಸಿಕೊಳ್ಳದ ಶಾಲೆಗೆ 65 ಬಂದರೆ, ಆ 30ರ ಅಂತರದಲ್ಲಿ ಮೇಷ್ಟರ ಪಾಲೆಷ್ಟು, ಪ್ರವೇಶ ಪರೀಕ್ಷೆಯ ಪಾಲೆಷ್ಟು? ಪಟ್ಟಿ ಇದಕ್ಕೆ ಉತ್ತರ ಕೊಡುವುದಿಲ್ಲ.

ಇನ್ನು ಲೆಕ್ಕದ ಮಾತು. ಪರೀಕ್ಷೆಗೆ 15 ಮಕ್ಕಳನ್ನು ಕಳಿಸುವ ಹಳ್ಳಿ ಶಾಲೆಯಲ್ಲಿ ಇಬ್ಬರು ಫೇಲಾದರೆ ಫಲಿತಾಂಶ ಶೇ 86.7. ಅದೇ ಇಬ್ಬರು 150 ಮಕ್ಕಳ ಪಟ್ಟಣದ ಶಾಲೆಯಲ್ಲಿ ಫೇಲಾದರೆ ಶೇ 98.7! ಸಣ್ಣ ಶಾಲೆ ಒಂದು ವರ್ಷ ಮೇಲಕ್ಕೇರಿ ಮರುವರ್ಷ ಕುಸಿದರೆ ಪಾಠದಲ್ಲಿ ಏನೋ ಆಗಿದೆ ಎನ್ನಬೇಕಾಗಿಲ್ಲ. ಒಬ್ಬಿಬ್ಬರು ಮಕ್ಕಳಿಗೆ ಜ್ವರ ಬಂದಿದ್ದರೂ ಸಾಕು.

ತಾಲ್ಲೂಕಿನ ಪಟ್ಟಿಯಂತೆಯೇ ಜಿಲ್ಲೆಗಳ ಪಟ್ಟಿಯೂ ಉಂಟು. ಅದು ಎಷ್ಟು ಗಟ್ಟಿ ಎಂಬುದನ್ನು 2024ರ ಫಲಿತಾಂಶ ತೋರಿಸಿಕೊಟ್ಟಿತು. 2023ರಲ್ಲಿ ಶೇ 96.8 ಪಡೆದು ಮೊದಲ ಸ್ಥಾನದಲ್ಲಿದ್ದ ಚಿತ್ರದುರ್ಗ ಮರುವರ್ಷ 21ನೇ ಸ್ಥಾನಕ್ಕೆ ಇಳಿಯಿತು. 18ನೇ ಸ್ಥಾನದಲ್ಲಿದ್ದ ಉಡುಪಿ ಶೇ 94ರೊಂದಿಗೆ ಮೊದಲನೆಯದಾಯಿತು. ಎರಡೂ ವರ್ಷ ಕೊನೆಯಲ್ಲಿದ್ದ ಯಾದಗಿರಿ ಶೇ 75.49ರಿಂದ 50.59ಕ್ಕೆ ಕುಸಿಯಿತು. ಇಡೀ ರಾಜ್ಯದ ಫಲಿತಾಂಶವೇ ಶೇ 83.89ರಿಂದ 73.40ಕ್ಕೆ ಬಂತು. ಒಂದೇ ವರ್ಷದಲ್ಲಿ ಮೇಷ್ಟರುಗಳು ಪಾಠ ಮರೆತರೇ? ಮಕ್ಕಳು ದಡ್ಡರಾದರೇ? ಆದದ್ದಿಷ್ಟು: ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂತು, ಕೊಠಡಿಯೊಳಗಿನ ದೃಶ್ಯವನ್ನು ಅಧಿಕಾರಿಗಳು ಕುಳಿತಲ್ಲಿಂದಲೇ ನೋಡುವಂತಾಯಿತು. ಕೃಪಾಂಕದ ಪ್ರಮಾಣವನ್ನು ಶೇ 10ರಿಂದ 20ಕ್ಕೆ ಏರಿಸಿದ್ದರಿಂದಲೇ ರಾಜ್ಯ ಶೇ 73ಕ್ಕೆ ತಲುಪಿತ್ತು. ಅಂದರೆ ಹಿಂದಿನ ಪಟ್ಟಿ ಅಳೆದದ್ದರಲ್ಲಿ ಕಲಿಕೆಯ ಜತೆಗೆ ಮೇಲ್ವಿಚಾರಣೆಯ ಸಡಿಲಿಕೆಯೂ ಸೇರಿತ್ತೆಂದು ಭಾವಿಸಲು ಕಾರಣವಿದೆ. ಹಾರ ಹಾಕಿಸಿಕೊಂಡವರೂ ನೋಟಿಸು ಪಡೆದವರೂ ಇದನ್ನು ಯೋಚಿಸಬೇಕು.

ಕೃಪಾಂಕವನ್ನು ಕೈಬಿಟ್ಟ 2025ರಲ್ಲಿ ರಾಜ್ಯದ ಫಲಿತಾಂಶ ಶೇ 66.14. ಆ ವರ್ಷ ಸರ್ಕಾರಿ ಶಾಲೆಗಳು ಶೇ 62.7, ಅನುದಾನಿತ ಶಾಲೆಗಳು ಶೇ 58.97 ಪಡೆದವು. ಸರ್ಕಾರಿ ಶಾಲೆ ಎಂದರೆ ಮೂಗು ಮುರಿಯುವವರು ಇದನ್ನು ಗಮನಿಸಿದಂತಿಲ್ಲ.

ಹಾಗಾದರೆ ಹೋಲಿಕೆಯೇ ಬೇಡವೆ? ಬೇಕು. ಆದರೆ ಮಗು ಎಲ್ಲಿಗೆ ತಲುಪಿತು ಎಂಬುದರ ಜತೆಗೆ ಎಲ್ಲಿಂದ ಹೊರಟಿತ್ತು ಎಂಬುದನ್ನೂ ನೋಡಬೇಕು. ಇಂಗ್ಲೆಂಡಿನವರು ಈ ಹಾದಿಯಲ್ಲಿ ಎಡವುತ್ತಲೇ ನಡೆದಿದ್ದಾರೆ. ಅಲ್ಲಿನ ಸರ್ಕಾರ 1992ರಲ್ಲಿ ಪ್ರೌಢಶಾಲೆಗಳ ಫಲಿತಾಂಶದ ಪಟ್ಟಿ ಪ್ರಕಟಿಸತೊಡಗಿದಾಗ ಬರೀ ಕೊನೆಯ ಅಂಕವಿತ್ತು. 2016ರಲ್ಲಿ 'ಪ್ರೋಗ್ರೆಸ್ 8' ಎಂಬ ಅಳತೆ ಬಂತು. ಪ್ರಾಥಮಿಕ ಶಾಲೆ ಮುಗಿಸುವಾಗ ಒಂದೇ ಮಟ್ಟದಲ್ಲಿದ್ದ ದೇಶದ ಇತರ ಮಕ್ಕಳಿಗಿಂತ ಈ ಶಾಲೆಯ ಮಕ್ಕಳು ಎಷ್ಟು ಮುಂದೆ ಅಥವಾ ಹಿಂದೆ ಎಂಬುದೇ ಅದರ ತಿರುಳು. ಮನೆಯ ಬಡತನವನ್ನು ಅದು ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂಬ ಟೀಕೆ ಇದೆ. ಆದರೂ ದುರ್ಬಲ ಮಕ್ಕಳನ್ನು ಮೇಲೆತ್ತಿದ ಶಾಲೆಗೆ ಅದರಲ್ಲಿ ಮನ್ನಣೆಯುಂಟು.

ಕರ್ನಾಟಕದಲ್ಲಿ ಪ್ರತಿ ಮಗುವಿನ ವಿವರವೂ ಸ್ಯಾಟ್ಸ್ ಎಂಬ ಗಣಕ ವ್ಯವಸ್ಥೆಯಲ್ಲಿ ಒಂದನೇ ತರಗತಿಯಿಂದಲೇ ದಾಖಲಾಗುತ್ತದೆ. ಇಂಥದೊಂದು ಲೆಕ್ಕಕ್ಕೆ ಅಡಿಪಾಯ ಅಲ್ಲಿದೆ. ಅಲ್ಲಿಯವರೆಗೆ, ಶಾಲೆ ಬದಲಿಸುವ ಮುನ್ನ ತಂದೆತಾಯಂದಿರು ಕೇಳಬಹುದಾದ ಪ್ರಶ್ನೆಗಳು ಕೆಲವಿವೆ. 8ನೇ ತರಗತಿಗೆ ಸೇರಿದವರಲ್ಲಿ 10ನೇ ತರಗತಿಯ ಪರೀಕ್ಷೆಗೆ ಕುಳಿತವರೆಷ್ಟು? ನಡುವೆ ಬಿಟ್ಟು ಹೋದವರು ಎಲ್ಲಿಗೆ ಹೋದರು? ಗಣಿತಕ್ಕೆ ಕಾಯಂ ಮೇಷ್ಟರಿದ್ದಾರೆಯೇ, ಅತಿಥಿ ಶಿಕ್ಷಕರಿದ್ದಾರೆಯೇ, ಅವರು ಶಾಲೆ ಆರಂಭವಾದಾಗಲೇ ಬಂದರೇ ಅಥವಾ ದಸರಾ ಕಳೆದ ಮೇಲೆ ಬಂದರೇ?