ಚಿತ್ರದುರ್ಗವನ್ನು ಫ್ರೆಂಚರು ಎಲ್ಲಿ ಒಡೆಯುತ್ತಾರೆ?

ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಚಿತ್ರದುರ್ಗ. ನಾಲ್ಕೂ ಊರಿನ ಹೆಸರಿಗೆ ನಾಲ್ಕೇ ಅಕ್ಷರ. ಪ್ರಸ್ತಾರ ಹಾಕಿ ನೋಡಿ: ಮೊದಲ ಮೂರಕ್ಕೂ 5 ಮಾತ್ರೆ, ಚಿತ್ರದುರ್ಗಕ್ಕೆ ಮಾತ್ರ 6. ಅಲ್ಲಿ ‘ಚಿ’ ಹ್ರಸ್ವವಾಗಿದ್ದೂ ಗುರು. ಮುಂದೆ ಒತ್ತಕ್ಷರ ಬಂದರೆ ಹಿಂದಿನದು ಗುರು ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ. ಏಕೆಂದು ಯಾರೂ ಹೇಳುವುದಿಲ್ಲ.

ಕಾರಣ ಕಿವಿಯಲ್ಲಿದೆ. ಬರೆಯುವುದು ಚಿ–ತ್ರ, ನುಡಿಯುವುದು ಚಿತ್–ರ. ಹೊಳಲ್ಕೆರೆಯೂ ಹಾಗೆಯೇ, ಬಾಯಲ್ಲಿ ಹೊ–ಳಲ್–ಕೆ–ರೆ. ವ್ಯಂಜನ ಹಿಂದಕ್ಕೆ ಸರಿದು ತುಂಡನ್ನು ಮುಚ್ಚುತ್ತದೆ, ಮುಚ್ಚಿದ ತುಂಡು ತೂಕ ಪಡೆಯುತ್ತದೆ. ಒಂದು ಸ್ವರದ ಸುತ್ತ ಕೂಡುವ ಈ ತುಂಡೇ ಭಾಷಾವಿಜ್ಞಾನದ ಸಿಲಬಲ್. ಚಿತ್ರದುರ್ಗದ ಹತ್ತಿರದ ತಮಟಕಲ್ಲಿನಲ್ಲಿ, ಗುಣಮಧುರನೆಂಬ ವೀರನನ್ನು ಹೊಗಳುವ ಸುಮಾರು ಕ್ರಿ.ಶ. 500ರ ಶಾಸನಪದ್ಯವೊಂದಿದೆ. ಅದರ ಸಾಲುಗಳು ನಿಂತಿರುವುದು ಲಘು–ಗುರುಗಳ ಕ್ರಮದ ಮೇಲೆಯೇ. ಈ ಸೀಮೆಯ ಕಿವಿ ಅಷ್ಟು ಹಿಂದೆಯೇ ಇಷ್ಟು ಸೂಕ್ಷ್ಮವಾಗಿತ್ತು ಎನ್ನುವುದು ನನಗೆ ಹೆಮ್ಮೆಯ ವಿಷಯ.

ಫ್ರೆಂಚರಾದರೆ ಶಿ–ತ್ರ–ದುರ್–ಗ ಎಂದು ಒಡೆಯುತ್ತಾರೆ. ‘ತ್’ ಉಸಿರನ್ನು ಪೂರ್ತಿ ತಡೆಯುತ್ತದೆ, ‘ರ್’ ಅರ್ಧ ಬಿಡುತ್ತದೆ, ಸ್ವರದಲ್ಲಿ ಬಾಯಿ ತೆರೆಯುತ್ತದೆ. ನಾದ ಏರುತ್ತಾ ಹೋಗುವ ಇಂಥ ಜೋಡಿಯನ್ನು ಫ್ರೆಂಚ್ ಬೇರ್ಪಡಿಸದೆ ಮುಂದಿನ ತುಂಡಿಗೆ ಕೊಡುತ್ತದೆ. ‘ರ್ಗ’ದಲ್ಲಿ ನಾದ ‘ರ್’ನಿಂದ ‘ಗ್’ಗೆ ಇಳಿಯುತ್ತದೆ, ಹಾಗಾಗಿ ಅಲ್ಲಿ ಅವರೂ ನಾವೂ ಒಂದೇ ಕಡೆ ಒಡೆಯುತ್ತೇವೆ. ಹಿರಿಯೂರು ಅವರ ಬಾಯಲ್ಲಿ ‘ಇರಿಯುರು’. ‘ಹ’ಕಾರ ಅವರ ನುಡಿಯಲ್ಲಿಲ್ಲ.

ಒತ್ತಿನ ವಿಷಯ ಇನ್ನೂ ಸೊಗಸು. ಫ್ರೆಂಚಿನಲ್ಲಿ ಒತ್ತು ಬೀಳುವುದು ಕೊನೆಯ ತುಂಡಿನ ಮೇಲೆ, ಮುಖ್ಯವಾಗಿ ಆ ತುಂಡನ್ನು ಎಳೆಯುವುದರಿಂದ. ಪ್ಯಾರಿಸ್ ಅವರಿಗೆ ‘ಪಾರಿ’. ಒಂಟಿಯಾಗಿ ನುಡಿದಾಗ ‘ರಿ’ ಉದ್ದವಾಗುತ್ತದೆ. ‘ಪಾರಿ ಲಾ ನ್ವಿ’, ಅಂದರೆ ರಾತ್ರಿಯ ಪ್ಯಾರಿಸ್, ಎಂದಾಗ ಮುಖ್ಯ ಒತ್ತು ‘ನ್ವಿ’ಗೆ ಜಾರುತ್ತದೆ. ಒತ್ತು ಪದದ ಸ್ವತ್ತಲ್ಲ, ಪದಗುಚ್ಛದ್ದು. ನಮ್ಮ ದೀರ್ಘ ಹಾಗೆ ಅಲೆಯುವುದಿಲ್ಲ: ‘ಹಳೆ’ಯಲ್ಲಿ ಮೊದಲ ಸ್ವರ ಎಳೆದರೆ ‘ಹಾಳೆ’ಯಾಗಿ ಅರ್ಥವೇ ಬೇರೆ.

ಲಘು–ಗುರುವನ್ನು ಹಳಗನ್ನಡ ಪದ್ಯಕ್ಕೆ ಮಾತ್ರ ಕಟ್ಟಿಹಾಕುವುದು ದೊಡ್ಡ ನಷ್ಟ. ಫ್ರೆಂಚ್ ಕಲಿಯುವ ಹಿರಿಯೂರಿನ ಹುಡುಗಿಗೆ ತುಂಡು ಎಣಿಸುವ ವಿದ್ಯೆ ಆಗಲೇ ಕೈಯಲ್ಲಿದೆ. ಅವಳು ಹೊಸದಾಗಿ ಕಲಿಯಬೇಕಾದದ್ದು ‘ತ್ರ’ವನ್ನು ಒಡೆಯದಿರುವುದು, ಮತ್ತು ಎಳೆತವನ್ನು ಮಾತಿನ ಕೊನೆಯವರೆಗೆ ಕಾಯ್ದಿಟ್ಟುಕೊಳ್ಳುವುದು.